ಹನ್ನೆರಡನೆಯ ಪುಸ್ತಕದ ಕುದುರೆ

"ತಿಂಡಿಗೆ ಅವಲಕ್ಕಿ ಮಾಡ್ಲಾ, ಉಪ್ಪಿಟ್ಟು ಮಾಡ್ಲಾ?" ಎಂದು ಓರಗಿತ್ತಿ ಪ್ರೇಮಲೀಲಾ ಕೇಳಿದಾಗ ರಂಜನಿಗೆ ಉತ್ತರ ಹೊಳೆಯಲಿಲ್ಲ. ಹದಿಮೂರು ದಿನ ಆ ಮನೆಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಏನು ಬೇಯಿಸಬೇಕು, ಯಾವಾಗ ಉಣ್ಣಬೇಕು, ಯಾರು ಯಾವ ದಿಕ್ಕಿಗೆ ಕೂರಬೇಕು ಎಲ್ಲವನ್ನೂ ಪುರೋಹಿತರೇ ಹೇಳುತ್ತಿದ್ದರು. ನಿನ್ನೆ ವೈಕುಂಠ ಸಮಾರಾಧನೆ ಮುಗಿದು, ನೆಂಟರು ಮಿಕ್ಕ ಲಾಡು ಕಟ್ಟಿಸಿಕೊಂಡು ಹೊರಟುಹೋಗಿದ್ದರು. ಇವತ್ತು ಬರೀ ಬುಧವಾರ. ಅಗ್ರಹಾರದ ಬೀದಿಯಲ್ಲಿ ಸೊಪ್ಪಿನವಳು ಎಂದಿನಂತೆ ಕೂಗಿಕೊಂಡು ಹೋದಳು. ಭಾವ ಅಶ್ವತ್ಥ ಬ್ಯಾಂಕಿಗೆ ಹೊರಡಲು ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಗಂಡ ವಾಗೀಶ ಇಲ್ಲದ ಲೋಕ ಇಷ್ಟು ಬೇಗ ತನ್ನ ಕೆಲಸಕ್ಕೆ ತೊಡಗಿದ್ದನ್ನು ಕಂಡು ರಂಜನಿಗೆ ಅಳುವೂ ಬರಲಿಲ್ಲ. ಎಲ್ಲೋ ದೂರದಲ್ಲಿ ಕೂತು ತನ್ನನ್ನೇ ನೋಡುತ್ತಿರುವಂತಿತ್ತು.

"ಅವಲಕ್ಕಿ" ಎಂದಳು, ಏನಾದರೂ ಹೇಳಬೇಕಲ್ಲ ಎಂದು.

ಆಗಲೇ ಅತ್ತೆ ಚೂಡಾಮಣಿ ಒಳಕೋಣೆಯಿಂದ ಬಂದು, ದಾರ ಕಟ್ಟಿದ ದೊಡ್ಡ ರಟ್ಟಿನ ಫೈಲನ್ನು ಅವಳ ಮುಂದೆ ಇಟ್ಟರು. ರಂಜನಿಗೆ ಅದರ ಗುರುತು ಸಿಕ್ಕಿತು. ಕುವೆಂಪುನಗರದ ತಮ್ಮ ಬಾಡಿಗೆ ಮನೆಯಲ್ಲಿ, ವಾಗೀಶನ ಮೇಜಿನ ಮೇಲಿದ್ದ ಫೈಲು. ಬಟ್ಟೆಬರೆ ತರಲು ಹೋದಾಗ ಅಶ್ವತ್ಥ ಇದನ್ನೂ ಹೊತ್ತು ತಂದಿರಬೇಕು.

"ಭಾನುವಾರ ಅಶ್ವತ್ಥ ಪಶ್ಚಿಮವಾಹಿನಿಗೆ ಹೋಗ್ತಾನೆ. ಇದನ್ನ ನೀರಿಗೆ ಬಿಟ್ಟು ಬರ್ತಾನೆ," ಎಂದರು ಚೂಡಾಮಣಿ.

"ಯಾಕೆ ಅತ್ತೆ?"

"ಯಾಕೆ ಅಂದ್ರೆ? ಕಣ್ಣಿಲ್ಲದ ಚಿತ್ರ ಮನೇಲಿ ಇಟ್ಕೋಬಾರದು. ಬರೆದ ಕೈಯೇ ಹೋದ ಮೇಲಂತೂ ಇಟ್ಕೊಳ್ಳಲೇಬಾರದು. ನಿಮ್ಮ ಮಾವನ ತಾತನ ಕಾಲದಿಂದ ನಡೆದು ಬಂದಿರೋದು."

"ಅದು ದೇವರ ಚಿತ್ರಕ್ಕೆ. ಇದು ಕುದುರೆ."

"ಕುದುರೆಗೂ ಕಣ್ಣಿರುತ್ತಲ್ಲ."

ಅಶ್ವತ್ಥ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. "ಅಮ್ಮ ಹೇಳೋ ಹಾಗೆ ಕೇಳು ರಂಜನಿ. ಅವನಿದ್ದಾಗ ನೀವು ಏನು ಮಾಡಿದ್ರೂ ನಾವ್ಯಾರೂ ಅಡ್ಡ ಬರ್ಲಿಲ್ಲ. ಇನ್ನು ಆ ಮಕ್ಕಳ ಪುಸ್ತಕ ಗಿಸ್ತಕ ಸಾಕು. ಯಾವುದಾದ್ರೂ ಕಾಲೇಜಿಗೆ ಅರ್ಜಿ ಹಾಕು."

"ಎಂ.ಎ.ಲಿ ಚಿನ್ನದ ಪದಕ ತಗೊಂಡವಳು," ಎಂದು ಚೂಡಾಮಣಿ ಗೋಡೆಗೆ ಹೇಳುವಂತೆ ಹೇಳಿದರು, "ವರ್ಷಕ್ಕೆ ಹನ್ನೆರಡು ಸಾಲು ಬರೀತಾಳೆ."

ರಂಜನಿ ಫೈಲನ್ನು ತನ್ನತ್ತ ಎಳೆದುಕೊಂಡಳು. "ಭಾನುವಾರದ ತನಕ ಇದು ನನ್ನ ಹತ್ರ ಇರಲಿ," ಎಂದಳು. ಅಷ್ಟು ಹೇಳುವುದಕ್ಕೇ ಅವಳಿಗೆ ಸಾಕಾಗಿಹೋಗಿತ್ತು.

ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಫೈಲು ಬಿಚ್ಚಿದಳು. ಹದಿನಾಲ್ಕು ಹಾಳೆ. ಟಾಂಗಾ ಎಳೆಯುವ ಚಂಪಿ ಎಂಬ ಕುದುರೆಗೆ ಒಂದು ದಿನ ರಜೆ ಸಿಗುತ್ತದೆ. ಊರನ್ನೆಲ್ಲ ಸುತ್ತಿದ ಅದಕ್ಕೆ ತಾನೇ ತಾನಾಗಿ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಇದು ಅವರಿಬ್ಬರ ಹನ್ನೆರಡನೆಯ ಪುಸ್ತಕ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಚಂಪಿ, ಅರಮನೆಯ ಗೇಟಿನ ಮುಂದೆ ಚಂಪಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿನವರ ನಡುವೆ ನಾಚಿಕೊಂಡು ನಿಂತ ಚಂಪಿ. ಬಾಲದ ಒಂದೊಂದು ಕೂದಲೂ ಅಲುಗುತ್ತಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ಬಿಳಿಯ ಕಾಗದ.

ವಾಗೀಶನ ಕೆಲಸದ ಕ್ರಮವೇ ಹಾಗೆ. ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಮನೆತನ ಅವರದು. ಆ ಮನೆಯಲ್ಲಿ ಕಣ್ಣು ಬರೆಯುವುದು ಎಲ್ಲ ಮುಗಿದ ಮೇಲೆ, ಒಂದೇ ಸಲಕ್ಕೆ ಕೂತು, ಯಾರೂ ನೋಡದ ಹಾಗೆ. ವಾಗೀಶ ದೇವರನ್ನು ಬಿಟ್ಟು ಮಂಗ, ಅಳಿಲು, ಎಮ್ಮೆಗಳನ್ನು ಹಿಡಿದರೂ ಆ ಪದ್ಧತಿಯನ್ನು ಬಿಡಲಿಲ್ಲ. ಪುಸ್ತಕ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಫೈಲನ್ನು ಸ್ಕೂಟರಿಗೆ ಕಟ್ಟಿಕೊಂಡು, "ಅಗ್ರಹಾರದ ಹಿತ್ತಲಲ್ಲಿ ಬೆಳಕು ಚೆನ್ನಾಗಿರುತ್ತೆ" ಎಂದು ಹೊರಡುವನು. ಸಂಜೆ ಬರುವಾಗ ಪ್ರಾಣಿಗಳಿಗೆಲ್ಲ ಕಣ್ಣು ಬಂದಿರುತ್ತಿತ್ತು. ಜೊತೆಗೆ ಅಮ್ಮ ಕೊಟ್ಟ ಕೋಡುಬಳೆಯ ಡಬ್ಬಿ.

ಮೊದಲ ಪುಸ್ತಕದ ದಿನಗಳು ಅವಳ ಕಣ್ಣಿಗೆ ಕಟ್ಟಿದವು. ಒಂಬತ್ತು ವರ್ಷದ ಹಿಂದೆ, ಮಾನಸಗಂಗೋತ್ರಿಯ ಒಂದು ಮರದ ಕೆಳಗೆ, ಬೆಟ್ಟದ ಮೆಟ್ಟಿಲ ಮೇಲಿನ ಒಂದು ಮಂಗನ ಬಗ್ಗೆ ಅವಳು ನಲವತ್ತು ಸಾಲು ಬರೆದು ತಂದಿದ್ದಳು. ವಾಗೀಶ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಒಂದೊಂದೇ ಸಾಲನ್ನು ಹೊಡೆದುಹಾಕುತ್ತಾ ಹೋದ. "ಮರ ಹಸಿರಾಗಿತ್ತು... ಇದು ನಂಗೆ ಬಿಡು. ಮಂಗ ಹೆದರಿತು... ಇದೂ ನಂಗೇ ಬಿಡು."

"ಹಾಗಾದ್ರೆ ನನಗೇನು ಉಳಿಯುತ್ತೆ?" ಎಂದು ಅವಳು ಸಿಟ್ಟಾಗಿದ್ದಳು.

"ನಾನು ಬರೆಯಕ್ಕಾಗದೇ ಇರೋದು."

ಒಂಬತ್ತು ಸಾಲು ಉಳಿದವು. ಆ ಒಂಬತ್ತು ಸಾಲು ಹಿಡಿದುಕೊಂಡು ಅವರು ಎಷ್ಟು ಪ್ರಕಾಶಕರ ಬಾಗಿಲು ತಟ್ಟಿದರು... "ಇಷ್ಟೇನಾ? ಮಿಕ್ಕ ಕಥೆ ಎಲ್ಲಿ?" ಎಂದು ಕೇಳದವರಿಲ್ಲ. ಕೊನೆಗೆ ಒಪ್ಪಿದವರು ಸಹಾಯಮೇರಿ ಮೇಡಂ. ಶಾಲೆಯಿಂದ ನಿವೃತ್ತರಾಗಿ, ಚರ್ಚಿನ ಹಿಂದಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಕ್ಕಳ ಪುಸ್ತಕ ಪ್ರಕಟಿಸುತ್ತಿದ್ದವರು. ಭಾನುವಾರಗಳಲ್ಲಿ ವಾಗೀಶ, ರಂಜನಿ ಇಬ್ಬರೂ ಸ್ಕೂಟರಿನ ಮೇಲೆ ಪುಸ್ತಕದ ಕಟ್ಟು ಇಟ್ಟುಕೊಂಡು ಬಡಾವಣೆಯಿಂದ ಬಡಾವಣೆಗೆ ತಿರುಗುತ್ತಿದ್ದರು. ವಿದ್ಯಾರಣ್ಯಪುರಂನ ಒಂದು ಮನೆಯ ಜಗುಲಿಯಲ್ಲಿ, ಇನ್ನೂ ಓದಲು ಬಾರದ ಹುಡುಗಿಯೊಬ್ಬಳು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಪುಟ ತಿರುಗಿಸಿ ತಿರುಗಿಸಿ, ಕಡೆಗೆ ಮಂಗನ ಮುಖದ ಮೇಲೆ ಬೆರಳಿಟ್ಟು, "ಇದು ನನ್ನೇ ನೋಡ್ತೈತೆ" ಎಂದಿದ್ದಳು. ದಾರಿಯುದ್ದಕ್ಕೂ ವಾಗೀಶ ಅದನ್ನೇ ಹೇಳಿಕೊಂಡು ಬಂದ. ಅವನಿಗೆ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಡ್ರಾಯಿಂಗ್ ಪಾಠ, ಅವಳಿಗೆ ಮನೆಯಲ್ಲಿ ಕರಡು ತಿದ್ದುವ ಕೆಲಸ, ನಡುವೆ ವರ್ಷಕ್ಕೊಂದು, ಒಮ್ಮೊಮ್ಮೆ ಎರಡು ಪುಸ್ತಕ. ಹಾಗೇ ಹನ್ನೊಂದಾದವು. ಮಕ್ಕಳು ಪತ್ರ ಬರೆದರು. ಮೂರು ತಿಂಗಳ ಹಿಂದೆ ಪತ್ರಿಕೆಯವರೂ ಬಂದು ಕೂತು ಮಾತಾಡಿಸಿ ಹೋದರು.

ಆಮೇಲೆ ಒಂದು ಜ್ವರ. ಐದೇ ದಿನದ ಜ್ವರ...

ಮಾರನೆಯ ದಿನ ಸಹಾಯಮೇರಿಯವರೇ ಅಗ್ರಹಾರಕ್ಕೆ ಬಂದರು. ರಂಜನಿಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಆಮೇಲೆ ಚಿತ್ರಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ದಸರಾ ಹೊತ್ತಿಗೆ ತರಣ ಅಂತಿದ್ದೆ ಕಣಮ್ಮ. ನೀನು ಬೇಡ ಅಂದ್ರೆ ಬೇಡ. ಆದ್ರೆ ಕಣ್ಣಿಲ್ದೇ ಅಂತೂ ಹಾಕಕ್ಕಾಗಲ್ಲ, ಮಕ್ಳು ಹೆದರ್ಕೋತಾವೆ. ಒಳ್ಳೇ ಆರ್ಟಿಸ್ಟ್ ಇದಾನೆ, ಸುಪ್ರೀತ್ ಅಂತ. ಕಂಪ್ಯೂಟರ್‌ನಲ್ಲಿ ಒಂದೇ ದಿನದಲ್ಲಿ ಹಾಕ್ಕೊಡ್ತಾನೆ. ಹೇಳ್ಲಾ?"

"ಬೇಡ ಮೇಡಂ."

"ಹಂಗಾರೆ ಯಾರು ಬರೀತಾರೆ?"

ರಂಜನಿ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಬೇರೆಯವನ ಕಣ್ಣು ಹಾಕಿದರೆ ಅದು ಅವರಿಬ್ಬರ ಪುಸ್ತಕವಲ್ಲ. ಹಾಕದಿದ್ದರೆ ಭಾನುವಾರ ಚಂಪಿ ಹೊಳೆಗೆ ಹೋಗುತ್ತಾಳೆ. ವಾಗೀಶನನ್ನು ಒಮ್ಮೆ ಸುಟ್ಟು ಬಂದದ್ದಾಯಿತು. ಉಳಿದದ್ದನ್ನು ಈಗ ಮುಳುಗಿಸಬೇಕು, ಅಷ್ಟೆ. ಕಾಫಿ ತಂದ ಚೂಡಾಮಣಿ ಇವರ ಮಾತನ್ನೆಲ್ಲ ಕೇಳಿಸಿಕೊಂಡು, ಲೋಟಗಳನ್ನಿಟ್ಟು, ಅವಳ ಮುಖವನ್ನೂ ನೋಡದೆ ಒಳಗೆ ಹೋದರು. ಆ ಪತ್ರಿಕೆಯ ಸಂದರ್ಶನ ಬಂದಾಗಿನಿಂದ ಅತ್ತೆ ತನ್ನ ಜೊತೆ ನೆಟ್ಟಗೆ ಮಾತಾಡಿಲ್ಲ ಎಂಬುದು ರಂಜನಿಗೆ ನೆನಪಾಯಿತು. ಮಗನ ಹೆಸರು ಪತ್ರಿಕೆಯಲ್ಲಿ ಬಂದದ್ದಕ್ಕೆ ಯಾವ ತಾಯಿ ಮುಖ ಗಂಟಿಕ್ಕುತ್ತಾಳೆ ಎಂದು ಆಗಲೇ ಅವಳಿಗೆ ಆಶ್ಚರ್ಯವಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಕುವೆಂಪುನಗರದ ಮನೆಗೆ ಹೋದಳು. ಬೀಗ ತೆಗೆದಾಗ ಬಣ್ಣದ ವಾಸನೆ, ಬಾಗಿಲ ಹಿಂದೆ ಅವನ ಚಪ್ಪಲಿ. ನೇರವಾಗಿ ಮೇಜಿಗೆ ಹೋಗಿ ಡ್ರಾಯರು ಎಳೆದಳು. ಅವನು ಹಿಂದೆ ಎಲ್ಲಾದರೂ ಕುದುರೆಯ ಕಣ್ಣು ಬರೆದಿದ್ದರೆ ಅದನ್ನೇ ತೆಗೆದು ಸೇರಿಸಬಹುದೇನೋ ಎಂಬ ಒಂದೇ ಆಸೆ.

ಕಣ್ಣುಗಳಿದ್ದವು. ಒಂದಲ್ಲ, ಎರಡಲ್ಲ. ಹಾಳೆ ಹಾಳೆಯ ತುಂಬ ಕುದುರೆಯ ಕಣ್ಣುಗಳೇ. ಅವಳು ಎಣಿಸಿದಳು, ಮೂವತ್ತೊಂದು. ಒಂದರಲ್ಲೂ ಜೀವವಿರಲಿಲ್ಲ. ಗೋಲಿಯಂತೆ, ಗುಂಡಿಯಂತೆ ಕೂತಿದ್ದವು. ಹನ್ನೊಂದು ಪುಸ್ತಕಗಳಲ್ಲಿ ಮಕ್ಕಳನ್ನು ತಿರುಗಿ ನೋಡಿದ ಆ ಕಣ್ಣನ್ನು ಬರೆದ ಕೈಯೇ ಇದು? ರಂಜನಿಗೆ ನಂಬಲಾಗಲಿಲ್ಲ. ಕೊನೆಯ ಹಾಳೆಯ ಮೂಲೆಯಲ್ಲಿ ಅವನ ಅಕ್ಷರವಿತ್ತು.

"ಅಮ್ಮನ ಕುಂಚ ಇದ್ದರೇನು, ಅಮ್ಮನ ಕೈ ಬೇಕಲ್ಲ. ನಾಳೆ ವಾಪಸ್ ಕೊಟ್ಟು ಕಾಲು ಹಿಡಿಯಬೇಕು."

ಹಾಳೆಗಳ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಕುಂಚ. ಹಿಡಿಗೆ ಕೆಂಪು ದಾರ ಸುತ್ತಿತ್ತು. ತುದಿಯಲ್ಲಿ ನಾಲ್ಕೈದೇ ಕೂದಲು. ಒಂಬತ್ತು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಹಿತ್ತಲಿನ ಬೆಳಕು, ಕೋಡುಬಳೆಯ ಡಬ್ಬಿ, ಯಾರೂ ನೋಡಬಾರದು ಎಂಬ ಪದ್ಧತಿ, ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು. ಪತ್ರಿಕೆಯವರಿಗೆ ತಾನು ಏನು ಹೇಳಿದ್ದೆ? "ಕಣ್ಣು ಬರೆಯೋದರಲ್ಲಿ ವಾಗೀಶನ ಸಮ ಯಾರೂ ಇಲ್ಲ. ಅದನ್ನ ಯಾರೂ ಅವನಿಗೆ ಕಲಿಸಿಲ್ಲ." ಅವಳು ಅವನ ಕುರ್ಚಿಯಲ್ಲೇ ಕೂತಳು. ಹದಿನಾರು ದಿನ ಬಾರದ ಅಳು ಈಗ ಬಂತು.

ಮಧ್ಯಾಹ್ನ ಅವಳು ಅಗ್ರಹಾರಕ್ಕೆ ಬಂದಾಗ ಚೂಡಾಮಣಿ ಹಿತ್ತಲ ಜಗುಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ರಂಜನಿ ಫೈಲು, ಚೀಲ ಎರಡನ್ನೂ ಪಕ್ಕದಲ್ಲಿಟ್ಟು ಕೂತಳು.

"ಅತ್ತೆ, ಹನ್ನೊಂದು ಪುಸ್ತಕಕ್ಕೂ ಕಣ್ಣು ಬರೆದದ್ದು ನೀವಾ?"

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅವರು ಬರೆದ ಕಣ್ಣು ನೋಡಿದೆ. ಮೂವತ್ತೊಂದು ಬರೆದಿದ್ದಾರೆ."

"ಹೇಗಿವೆ?"

"ಚೆನ್ನಾಗಿಲ್ಲ."

ಚೂಡಾಮಣಿಯವರ ತುಟಿ ನಗುವುದಕ್ಕೋ ಅಳುವುದಕ್ಕೋ ಅಲುಗಿತು. "ಬರಲ್ಲ ಅವನಿಗೆ. ಕಾಲು ಬರೀತಾನೆ, ಬಾಲ ಬರೀತಾನೆ. ಕಣ್ಣು ಬರಲ್ಲ. ಅವರಪ್ಪನಿಗೂ ಬರ್ತಿರ್ಲಿಲ್ಲ. ನನ್ನ ಮಾವನವರು ನನ್ನನ್ನ ಕೂರಿಸಿ ಕಲಿಸಿದ್ರು. ಈ ಮನೆಯಿಂದ ಹೋದ ಎಷ್ಟು ಲಕ್ಷ್ಮಿಗೆ, ಎಷ್ಟು ಸರಸ್ವತಿಗೆ ಕಣ್ಣು ಕೊಟ್ಟಿದೀನೋ, ಹೆಸರು ಮಾತ್ರ ಗಂಡಸರದ್ದು. ನಿಮ್ಮ ಮಾವ ಹೋದ ಮೇಲೆ ಅದೂ ನಿಂತುಹೋಯ್ತು. ವಿಧವೆ ಕೈ ಕಣ್ಣಿಗೆ ತಾಗಬಾರದಂತೆ. ಏಳು ವರ್ಷ ಕುಂಚ ಮುಟ್ಟಿರ್ಲಿಲ್ಲ. ಒಂದು ದಿನ ಇವನು ಮಂಗನ್ನ ತಂದು ಮುಂದೆ ಇಟ್ಟ. 'ಅಮ್ಮ, ಇದು ದೇವರಲ್ಲ, ಮಂಗ. ಮಂಗಕ್ಕೆ ಯಾವ ಮಡಿ' ಅಂದ. ನಾನು ಆಂಜನೇಯ ಅಂತಲೇ ಅಂದ್ಕೊಂಡು ಬರೆದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂತ ಆಣೆ ಹಾಕಿಸಿಕೊಂಡೋಳು ನಾನೇ. ನೀನು ಬರೆಯೋಳು. ಎಲ್ಲಾದ್ರೂ ಬರೆದುಬಿಟ್ರೆ ಈ ಬೀದೀಲಿ ನಾನು ತಲೆ ಎತ್ತೋ ಹಾಗಿಲ್ಲ. ಆದ್ರೂ ನೋಡು, ಪೇಪರ್‌ನಲ್ಲಿ ನೀನು ಹಾಗಂದಿದ್ದು ಓದಿ ಹೊಟ್ಟೆ ಉರೀತು. ಬಚ್ಚಿಟ್ಟೋಳೂ ನಾನೇ, ಯಾರಿಗೂ ಕಾಣಲಿಲ್ಲವಲ್ಲ ಅಂತ ಉರ್ಕೊಂಡೋಳೂ ನಾನೇ." ಅವರು ಸೆರಗಿನಿಂದ ಮುಖ ಒತ್ತಿಕೊಂಡರು. "ಕುದುರೆ ತಂದಾಗ, 'ಕಣ್ಣು ನಿಂದೇ ಅಂತಾಳಲ್ಲ ನಿನ್ನ ಹೆಂಡತಿ, ನೀನೇ ಬರ್ಕೋ ಹೋಗು' ಅಂದುಬಿಟ್ಟೆ. ನಗ್ತಾ ನಗ್ತಾನೇ, 'ಹಾಗಾದ್ರೆ ನಿನ್ನ ಕುಂಚನಾದ್ರೂ ಕೊಡು, ತಂದ್ಕೊಡ್ತೀನಿ' ಅಂತ ಈಸ್ಕೊಂಡು ಹೋದ. ಆಮೇಲೆ ಬರಲೇ ಇಲ್ಲ. ಜ್ವರ ಅಂತ ಫೋನ್ ಬಂತು... ಆ ಹಾಳೆ ನೋಡಿದಾಗಲೆಲ್ಲ ಅವನು ಬಾಗಿಲಲ್ಲಿ ನಿಂತು ಕೇಳ್ತಿರೋ ಹಾಗಾಗುತ್ತೆ ಕಣೇ. ಹೊಳೆಗೆ ಬಿಡಿ ಅಂದಿದ್ದು ಅದಕ್ಕೆ. ಶಾಸ್ತ್ರಕ್ಕಲ್ಲ."

ರಂಜನಿ ಅತ್ತೆಯ ಮಡಿಲಲ್ಲಿದ್ದ ಹುರುಳಿಕಾಯಿಯ ತಟ್ಟೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಆ ಜಾಗದಲ್ಲಿ ಫೈಲು ಬಿಚ್ಚಿ, ಕೆರೆ ಏರಿಯ ಮೇಲೆ ನಾಚಿಕೊಂಡು ನಿಂತ ಚಂಪಿಯನ್ನು ಹರಡಿದಳು.

ಅಶ್ವತ್ಥ ಊಟಕ್ಕೆ ಬಂದವನು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ. "ಅಮ್ಮ, ಇನ್ನೂ ತಿಂಗಳೂ ತುಂಬಿಲ್ಲ. ಅದರ ಮೇಲೆ ನೀನು... ಜನ ಏನಂತಾರೆ?"

"ಜನ ನಿನ್ನೆ ಮೊನ್ನೆ ತನಕ ಇಲ್ಲೇ ಇದ್ರಲ್ಲ, ಉಂಡು ಹೋದ್ರು. ನೀನೂ ಹೋಗಿ ಕೈಕಾಲು ತೊಳಿ. ಪ್ರೇಮಲೀಲಾ ಬಡಿಸ್ತಾಳೆ," ಎಂದರು ಚೂಡಾಮಣಿ, ಚಿತ್ರದಿಂದ ಕಣ್ಣೆತ್ತದೆ. ಅವನು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದ.

"ಈ ಪುಸ್ತಕಕ್ಕೆ ಮೂರು ಹೆಸರು ಹಾಕ್ತೀನಿ ಅತ್ತೆ," ಎಂದಳು ರಂಜನಿ. "ಬೇಡ ಅನ್ಬೇಡಿ."

ಚೂಡಾಮಣಿಯವರ ಬೆರಳು ಚಂಪಿಯ ಮುಖದ ಮೇಲಿನ ಬಿಳಿಯ ಜಾಗವನ್ನು ಮುಟ್ಟದೆ, ಅದರ ಸುತ್ತ ಒಂದು ಸುತ್ತು ಬಂತು.

"ದಪ್ಪಕ್ಷರದಲ್ಲಿ ಬೇಡ," ಎಂದರು.

ರಂಜನಿ ಚೀಲದಿಂದ ಸೀರೆಯ ತುಂಡನ್ನು ತೆಗೆದು ಬಿಚ್ಚಿದಳು. ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದಳು.

"ನಾಳೆ ವಾಪಸ್ ಕೊಡಬೇಕು ಅಂತ ಬರೆದಿಟ್ಟಿದ್ರು. ತಡ ಆಗಿಹೋಯ್ತು."

ಚೂಡಾಮಣಿ ತೆಗೆದುಕೊಂಡರು. ತುದಿಯನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದರು. ಕಪ್ಪು ಒಣಗಿ, ಕೂದಲೆಲ್ಲ ಮುಳ್ಳಿನ ಹಾಗೆ ಅಂಟಿಕೊಂಡಿತ್ತು.

"ತೊಳೆದೇ ಇಲ್ಲ ನೋಡು... ಚಿಕ್ಕಂದಿನಿಂದ ಹೀಗೇ ಇವನು," ಎಂದರು. ಒಣಗಿದ ಕೂದಲನ್ನು ಉಗುರಿನಿಂದ ಬಿಡಿಸುತ್ತಾ ಹೇಳಿದರು, "ಒಂದು ಬಟ್ಟಲು ನೀರು ತಗೊಂಡು ಬಾ ರಂಜನಿ."