ಆವಿಗೆ ಕರಗಿದ ಪಟ್ಟಿ

ಸೂಜಿ ನನ್ನ ಎಡಗಣ್ಣಿಗೆ ಒಂದು ಗೇಣು ದೂರದಲ್ಲಿತ್ತು.

ವಾಚ್‌ಮನ್ ನನ್ನ ತಲೆಯನ್ನು ಯಂತ್ರದ ಗಾಜಿನ ಗೂಡಿನೊಳಗೆ ತುರುಕಿ ಕತ್ತು ಅದುಮಿ ಹಿಡಿದಿದ್ದ.

"ಇಪ್ಪತ್ತು ಸಾವಿರ ವೋಲ್ಟ್," ಎಂದ ಕಾರ್ಖಾನೆಯ ಮಾಲೀಕ, ಸ್ವಿಚ್ಚಿನ ಮೇಲೆ ಬೆರಳಿಟ್ಟು. "ಪೆಟ್ಟಿಗೆ ಎಲ್ಲಿಟ್ಟೆ, ಹೇಳು."

ಆ ಸೂಜಿ ಇರುವುದು ಕಣ್ಣು ಕೀಳಲಿಕ್ಕಲ್ಲ, ಕೇಳಿ. ಔಷಧಿ ಬೆರೆಸಿದ ಅಂಟನ್ನು ಕರೆಂಟಿನಿಂದೆಳೆದು, ಜೇಡನ ಎಳೆಗಿಂತ ಸಣ್ಣಗೆ ನೂತು, ಗಾಯಕ್ಕೆ ಪಟ್ಟಿ ಮಾಡಲಿಕ್ಕೆ. ಎಳೆಗಳು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಔಷಧಿ ಬಿಡಬೇಕು.

ಬಿಡಲಿಲ್ಲ.

ಸಕ್ಕರೆ ಕಾಯಿಲೆಯ ನನ್ನ ಅಕ್ಕನ ಪಾದದ ಹುಣ್ಣಿಗೆ ಮೂರು ವಾರ ಅದನ್ನೇ ಹಾಕಿದ್ದೆವು. ಹುಣ್ಣು ಮೂಳೆಯತ್ತ ಹೊರಟಿತ್ತು. ಸರ್ಜನ್ ಹತ್ತು ದಿನ ಟೈಮ್ ಕೊಟ್ಟಿದ್ದರು. ಆಮೇಲೆ ಗರಗಸ.

ಈ ಕಾರ್ಖಾನೆಯಲ್ಲಿ ಆ ಪಟ್ಟಿ ನೂತವನು ಅವಳ ಗಂಡನೇ. ನನ್ನ ಭಾವ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪ್ರಾಣಿ.

"ಪಟ್ಟೀನ ಕ್ರಿಮಿ ಕೊಲ್ಲೋ ಗ್ಯಾಸಲ್ಲಿ ಶುದ್ಧ ಮಾಡ್ಬೇಕಪ್ಪ," ಎಂದಿದ್ದ ನಿನ್ನೆ, ನೆಲ ನೋಡುತ್ತಾ. "ಮಾಲೀಕರು ಖರ್ಚು ಅಂತ ಆವೀಲಿ ಬೇಯಿಸ್ತಾರೆ. ಎಳೆ ಕರಗಿ ಪ್ಲಾಸ್ಟಿಕ್ ಹಾಳೆ ಆಗುತ್ತೆ."

"ನೀವು ಹೇಳ್ಲಿಲ್ವಾ?"

"ಹೇಳೋಣ ಅಂತಿದ್ದೆ..."

"ಯಾವಾಗ? ಅಕ್ಕನ ಇನ್ನೊಂದು ಕಾಲಿಗೂ ಬಂದ್ಮೇಲಾ?"

ಅವನು ಆವಿಯಲ್ಲಿ ಬೆಂದ ಒಂದು ಪಟ್ಟಿಯ ಮೇಲೆ ನೀರು ಚಿಮುಕಿಸಿದ. ಹೀರಬೇಕಾದ ಹನಿ ತಾವರೆ ಎಲೆಯ ಮೇಲಿನಂತೆ ಉರುಳಿಹೋಯಿತು.

ಬೇಯಿಸದ ಪಟ್ಟಿಗಳ ಪೆಟ್ಟಿಗೆ ಒಂದೇ ಉಳಿದಿತ್ತು. ಇವತ್ತು ಮಧ್ಯಾಹ್ನ ಅದೂ ಆವಿಗೆ ಹೋಗಬೇಕಿತ್ತು. ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ವೃತ್ತಿ. ಕದಿಯುವುದು ಅದರ ತಮ್ಮ. ಕದ್ದೆ. ಪೆಟ್ಟಿಗೆಯನ್ನು ಕಸದ ಡ್ರಮ್ಮಿಗೆ ಹಾಕಿ ಮೂರು ಹೆಜ್ಜೆ ಇಡುವಷ್ಟರಲ್ಲಿ ಸಿಕ್ಕಿಬಿದ್ದೆ.

ಈಗ ಭಾವ ಆ ಡ್ರಮ್ಮಿನ ಮುಂದೆ ನಿಂತು ಬೆವರುತ್ತಿದ್ದ.

"ಎಳೆ ಕರಗುತ್ತೆ ಅಂತ ನಿಂಗೆ ಗೊತ್ತಾ?" ಮಾಲೀಕನನ್ನು ಕೇಳಿದೆ.

"ಗೊತ್ತಿಲ್ದೆ ಏನು? ಪ್ಯಾಕೆಟ್ ಹೊಳೆದ್ರೆ ಸಾಕು ಕಣೋ. ಹೇಳ್ತೀಯೋ, ಒತ್ಲೋ?"

"ಒತ್ತು."

ಒತ್ತಿದ.

ಏನೂ ಆಗಲಿಲ್ಲ.

ಮತ್ತೆ ಒತ್ತಿದ. ಹೊಸ ಚಪ್ಪಲಿ ಕಚ್ಚಿದವನ ಮುಖವಾಯಿತು.

ಗೂಡಿನ ಬಾಗಿಲು ತೆರೆದಿದ್ದರೆ ಆ ಯಂತ್ರಕ್ಕೆ ಕರೆಂಟೇ ಹರಿಯುವುದಿಲ್ಲ. ಅಲ್ಲಿ ಕಸ ಗುಡಿಸುವಾಕೆಗೂ ಗೊತ್ತು. ಆರು ವರ್ಷದಿಂದ ಮಾಲೀಕನಾಗಿರುವವನಿಗೆ ಗೊತ್ತಿಲ್ಲ.

ಹಿಮ್ಮಡಿಯಿಂದ ವಾಚ್‌ಮನ್ನನ ಮೊಣಕಾಲಿಗೆ ಒದ್ದೆ. ಕುಸಿದ. ಮಾಲೀಕ ನನ್ನ ಕಾಲರಿಗೆ ಕೈ ಹಾಕಿದ. ಆ ಕೈಯ ಮೇಲೆ ಗಾಜಿನ ಬಾಗಿಲು ಬಡಿದೆ. ಗಾಜು ಒಡೆಯಿತು. ಅವನ ಅಂಗೈಯೂ ಸೀಳಿತು.

"ಭಾವ, ಓಡಿ!"

ಅಕ್ಕನ ಮದುವೆಯಾದ ಹನ್ನೆರಡು ವರ್ಷದಲ್ಲಿ, ನಾನು ಹೇಳಿದ ತಕ್ಷಣ ಅವನು ಮಾಡಿದ ಮೊದಲ ಕೆಲಸ ಅದು. ಪೆಟ್ಟಿಗೆ ಎತ್ತಿಕೊಳ್ಳುವ ಬುದ್ಧಿ ಹೊಳೆಯದೆ ಇಡೀ ಡ್ರಮ್ಮನ್ನೇ ತಬ್ಬಿಕೊಂಡು ಓಡಿದ.

ಬಾಗಿಲಲ್ಲಿ ನಾನೊಮ್ಮೆ ತಿರುಗಿ ನೋಡಿದೆ. ವಾಚ್‌ಮನ್ ಕುಂಟುತ್ತಾ ಬಂದು, ಹೊಳೆಯುವ ಪ್ಯಾಕೆಟ್ ಹರಿದು, ಯಜಮಾನನ ಗಾಯಕ್ಕೆ ಪಟ್ಟಿ ಒತ್ತಲು ಹೋದ.

"ಅದಲ್ವೋ ಮುಠ್ಠಾಳ," ಮಾಲೀಕ ನರಳಿದ. "ಹತ್ತಿ ಬಟ್ಟೆ ತಾ."

ಪೆಟ್ಟಿಗೆಯನ್ನು ಆಸ್ಪತ್ರೆಯಲ್ಲೇ ಗ್ಯಾಸಿಗಿಟ್ಟು ಶುದ್ಧ ಮಾಡಿಸಿದೆವು. ಹತ್ತನೆಯ ದಿನ ಸರ್ಜನ್ ಹುಣ್ಣಿನ ಅಂಚು ನೋಡಿ, "ಕಾಲು ಇರ್ಲಿ ಬಿಡಿ," ಎಂದರು.

ದೂರು ಕೊಡಲು ಹೋದಾಗ, ಆ ಕಂಪನಿಯ ಪಟ್ಟಿ ಕೆಲಸಕ್ಕೆ ಬಾರದ್ದು ಅನ್ನಲು ಸಾಕ್ಷಿ ಏನು ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಮಾಲೀಕ ತನ್ನ ಕೈಗೆ ಏನು ಕಟ್ಟಿಕೊಂಡಿದ್ದಾನೆ ನೋಡಿ ಬನ್ನಿ ಎಂದೆ.