ದೊರೆ ಕೂರುವ ತನಕ

"ನಗ್ಬೇಡಿ! ಇದರಲ್ಲಿ ನಿಮಗೆ ನಗು ಬೇರೆ ಬರುತ್ತಾ?"

ಅಲ್ಲಾಳಸಂದ್ರ ಕೆರೆ ಏರಿಯ ಮೇಲೆ ವಾಕಿಂಗ್ ಹೊರಟಿದ್ದವರೆಲ್ಲ ತಿರುಗಿ ನೋಡಿದರು. ಧನುಶ್ರೀಗೆ ಪರಿವೆಯೇ ಇಲ್ಲ. ಎದುರು ನಿಂತಿದ್ದ ಶಿವಪುತ್ರನ ನಗು ಅರ್ಧಕ್ಕೇ ಆರಿತು. ಅವನ ಭುಜಗಳ ಮೇಲೆ ಮುಂಗಾಲು ಹಾಕಿ ನಿಂತಿದ್ದ ದೊರೆ ಮಾತ್ರ ಬಾಲ ಬೀಸುತ್ತಲೇ ಇದ್ದ.

ದೊರೆ ಗ್ರೇಟ್ ಡೇನ್ ಜಾತಿಯ ನಾಯಿ. ವರ್ಷ ತುಂಬಿಲ್ಲ, ಆಗಲೇ ಕರುವಿನಷ್ಟಿದ್ದಾನೆ. ಮರಿ ತರಲು ಹೋದ ದಿನ ಉಳಿದ ಮರಿಗಳೆಲ್ಲ ಧನುಶ್ರೀಯ ಮೈಮೇಲೆ ಬೀಳುವಾಗ ಇವನೊಬ್ಬ ಬಂದು ಪಾದದ ಮೇಲೆ ಸುಮ್ಮನೆ ಕೂತಿದ್ದ. ಅದಕ್ಕೇ ಅವಳು ಇವನನ್ನು ಆರಿಸಿದ್ದು. ಅಂಥವನಿಗೆ ಹಾರುವುದನ್ನು ಕಲಿಸಿದ್ದು ಈ ಬಾಗಲಕೋಟೆಯ ಮಹಾರಾಯ ಶಿವಪುತ್ರ. ಯಲಹಂಕದಲ್ಲಿ ಕಾಲೇಜು ಮೇಷ್ಟ್ರು. ದಿನಾ ಬೆಳಿಗ್ಗೆ ತೋಳು ಚಾಚಿ "ಬಾರೋ ನಮ್ಮಪ್ಪಾ!" ಎಂದು ಕರೆದು ಅಪ್ಪಿಕೊಳ್ಳುತ್ತಿದ್ದ.

"ನಿನ್ನೆ ಹೀಗೇ ನಮ್ಮಜ್ಜಿ ಮೇಲೆ ಹಾರಿದ. ಅಜ್ಜಿ ಬಿದ್ದು ಮಣಿಕಟ್ಟು ಬಿರುಕು ಬಿಟ್ಟಿದೆ! ಇವನ ಕೀಲುಗಳೂ ಇನ್ನೂ ಎಳೇವು, ಹಾರಿಸ್ಬೇಡಿ ಅಂತ ಎಷ್ಟು ಬಡ್ಕೊಂಡೆ? ಈಗ ಅಪ್ಪ ಚಿಕ್ಕಜಾಲದ ತೋಟಕ್ಕೆ ಕಳಿಸ್ತೀನಿ ಅಂತಿದ್ದಾರೆ. ಸಾಯೋವರೆಗೂ ಚೈನಲ್ಲಿ ಬಿದ್ದಿರ್ಬೇಕು ಇವನು."

ಶಿವಪುತ್ರನ ಮುಖ ಸಪ್ಪಗಾಯಿತು. "ತಪ್ಪಾತ್ರಿ. ನಾ ಏನ್ ಮಾಡ್ಲಿ, ಹೇಳ್ರಿ."

"ಬೆನ್ನು ತಿರುಗಿಸಿ. ಮುಟ್ಬೇಡಿ, ನೋಡ್ಬೇಡಿ, ಅವನ ಹೆಸರೂ ಎತ್ಬೇಡಿ. ಅವನು ಕೂತ್ಮೇಲೆ ನಾನ್ ಹೇಳ್ತೀನಿ. ಆಗ ತಿರುಗಿ."

ಅಂದಿನಿಂದ ಶಿವಪುತ್ರ ದಿನಾ ಕೆರೆಗೆ ಮುಖ ಮಾಡಿ ಕಂಬದಂತೆ ನಿಂತ. ದೊರೆ ಬೆನ್ನಿಗೆ ಹಾರುತ್ತಿದ್ದ; ಶರ್ಟಿಗೆಲ್ಲ ಮಣ್ಣು, ಜೊಲ್ಲು. "ಅಲ್ಲಾಡ್ಬೇಡಿ!" ಎಂದು ಧನುಶ್ರೀ ಗದರುತ್ತಿದ್ದಳು. ಅವನ ಕಿವಿಗಳು ಕೆಂಪಾಗುವುದನ್ನು ನೋಡಿಯೂ ಕೋಪ ಇಳಿಸಲಿಲ್ಲ.

ಕೊನೆಗೆ ಅಪ್ಪ ಮುನಿಕೃಷ್ಣಪ್ಪ ಒಂದು ಮಾತಿಗೆ ಒಪ್ಪಿದರು. "ಯಾರನ್ನ ಕಂಡ್ರೆ ಜಾಸ್ತಿ ಹಾರ್ತಾನೋ ಅವರನ್ನೇ ಮನೆಗೆ ಕರಿ. ನಮ್ಮಮ್ಮ ನೋಡ್ಲಿ. ಬಿದ್ದಿದ್ದು ಅವಳು, ತೀರ್ಮಾನವೂ ಅವಳದ್ದೇ."

ಭಾನುವಾರ ಅಜ್ಜಿ ರಾಮಲಕ್ಷ್ಮಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತರು. ಗೇಟಿನಲ್ಲಿ ಶಿವಪುತ್ರನನ್ನು ಕಂಡದ್ದೇ ದೊರೆ ನುಗ್ಗಿದ. ಶಿವಪುತ್ರ ತಿರುಗಿ ಕಾಂಪೌಂಡ್ ಗೋಡೆಗೆ ಮುಖ ಮಾಡಿದ. ದೊರೆ ಒಮ್ಮೆ ಹಾರಿದ. ಮತ್ತೆ ಹಾರಿದ. ಧನುಶ್ರೀಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿದವು.

"ಯಾಕ್ ಕರೀತಿದ್ರಿ ಇವನನ್ನ? ದಿನಾ! ಯಾಕೆ?" ಹಲ್ಲು ಕಚ್ಚಿಯೇ ಕೇಳಿದಳು.

ಅವನು ಗೋಡೆಗೇ ಮೆಲ್ಲಗೆ ಹೇಳಿದ. "ನೀವು ನನ್ನ ನೋಡದೇ ಹೋಗ್ತಿದ್ರಿ. ಅವನ್ನ ಕರದ್ರ, ಬೆಲ್ಟ್ ಹಿಡ್ಕೊಂಡ್ ನೀವೂ ಬರ್ತಿದ್ರಿ. ಬೈಲಿಕ್ಕಾದ್ರೂ ಬರ್ತಿದ್ರಿ."

"ನನ್ನ ಕರೀಬಹುದಿತ್ತಲ್ಲ! ಅದಕ್ಕೆ ನಮ್ಮಜ್ಜಿ ಕೈ ಬೇಕಿತ್ತಾ?"

"ಅಂಜಿಕಿ ಆಗ್ತಿತ್ರಿ."

"ಇಷ್ಟ್ ದೊಡ್ಡ ನಾಯಿಗೆ ಹೆದರಲ್ಲ, ನನಗೆ ಹೆದರ್ತೀರಾ?"

"ನಾಯಿ ಕಚ್ಚಿದ್ರ ಸೂಜಿ ಮಾಡಿಸ್ಕೋಬಹುದು. ನೀವು ಒಲ್ಲೆ ಅಂದ್ರ ಅದಕ್ಕೆಲ್ಲೈತ್ರಿ ಔಷಧ?"

  ಆಗಲೇ ದೊರೆ ಗೊಂದಲದಿಂದ ಶಿವಪುತ್ರನ ಬೆನ್ನು ನೋಡಿದ, ಧನುಶ್ರೀಯನ್ನು ನೋಡಿದ, ಉಸ್ಸೆಂದು ನೆಲಕ್ಕೆ ಕುಂಡೆಯೂರಿ ಕೂತ.

ಜಗಲಿಯಿಂದ ಅಜ್ಜಿ ಪಟ್ಟಿಯಿಲ್ಲದ ಕೈ ಎತ್ತಿ, 'ಇರ್ಲಿ, ಇಲ್ಲೇ ಇರ್ಲಿ' ಎಂದು ಸನ್ನೆ ಮಾಡಿದರು. ಧನುಶ್ರೀಯ ಕಣ್ಣು ತುಂಬಿತು.

"ಕುಂತನೇನ್ರೀ?" ಶಿವಪುತ್ರ ಕೇಳಿದ.

ಅವಳು ಕೆನ್ನೆ ಒರೆಸಿಕೊಂಡಳು. ದನಿಗೆ ಹಳೆಯ ಸಿಟ್ಟನ್ನೇ ತಂದುಕೊಂಡಳು.

"ಇನ್ನೂ ಇಲ್ಲ. ತಿರುಗ್ಬೇಡಿ. ಮುಂದೆ ಹೇಳಿ."

ಅಜ್ಜಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು.