ಅರಮನೆ ತೋಟದಲ್ಲಿ ಅವ್ವನ ಜಡೆ

ಇದು ನಾನೇ ಕಣ್ಣಾರೆ ಕಂಡದ್ದು. ಮೂವತ್ತೆಂಟರ ಬೇಸಿಗೆಯಲ್ಲಿ ನಮ್ಮವ್ವ ನೀಲಗಂಗಮ್ಮನನ್ನು ಹೊಳೆನರಸೀಪುರದಿಂದ ರೈಲಿನಲ್ಲಿ ಮೈಸೂರಿಗೆ ಅರಮನೆ ತೋರಿಸಲು ಕರೆದೊಯ್ದಿದ್ದೆ. ಅವಳ ಅಕ್ಕನನ್ನು ಹಿಂದೆ ಅರಮನೆ ತೋಟದ ಮಾಲಿಗೆ ಕೊಟ್ಟಿದ್ದರು. ಎಳೇ ಪ್ರಾಯದಲ್ಲೇ ಪ್ಲೇಗಿನಲ್ಲಿ ತೀರಿಕೊಂಡಳಂತೆ.

ಉರಿಬಿಸಿಲಿದ್ದರೂ ಆ ತೋಟದ ಕಲ್ಲುಬೆಂಚು ಕೊರೆಯುವಷ್ಟು ತಣ್ಣಗಿತ್ತು. ಅವ್ವನನ್ನು ಅಲ್ಲಿ ಕೂರಿಸಿ ನೀರು ತರಲು ಹೋದೆ. ಬಂದು ನೋಡಿದರೆ ಅವಳ ತುರುಬು ಬಿಚ್ಚಿತ್ತು. ಕೈಗಳೆರಡೂ ಮಡಿಲಲ್ಲೇ ಇದ್ದವು. ಬೆನ್ನ ಮೇಲೆ ಅರ್ಧ ಹೆಣೆದ ಜಡೆ.

“ಒಂಚೂರು ತಾಳ್ಲಾ ಬಸ್ವರಾಜು, ಅಕ್ಕ ಜಡೆ ಆಕ್ತಾವ್ಳೆ.”

“ರೈಲು ತಪ್ಪೋಯ್ತದೆ, ಏಳವ್ವ,” ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಬೆಂಚಿನ ಹಿಂದೆ ಯಾರೋ ನಿಟ್ಟುಸಿರಿಟ್ಟರು. ಅಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಗಳಿಗೆ ಬಿಡಬೇಕಿತ್ತು. ಆ ಕೊರಗು ಇಂದಿಗೂ ಹೋಗಿಲ್ಲ. ಆ ಅರ್ಧ ಜಡೆಯನ್ನು ಮುಟ್ಟಲು ಅವ್ವ ಯಾರಿಗೂ ಬಿಡಲಿಲ್ಲ.

ಮರುವರ್ಷ ಅವಳನ್ನು ಮಣ್ಣು ಮಾಡಿದ ಬೆಳಿಗ್ಗೆ, ಜಡೆ ತುದಿಯವರೆಗೂ ಹೆಣೆದಾಗಿತ್ತು.